ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಪೋರ್ಚುಗೀಸ್ ಕ್ರಿಯಾಪದದಲ್ಲಿ ಒತ್ತು ಎಲ್ಲಿ ಬೀಳುತ್ತದೆ?

ಈ ಸಲ ಬಂದ ಪ್ರಶ್ನೆಗಳೆಲ್ಲ ಒಂದೇ ಗಂಟಿನ ಸುತ್ತ ಇವೆ. ಪೋರ್ಚುಗೀಸಿನ ಉದ್ದನೆಯ ಕ್ರಿಯಾಪದವನ್ನು ಎಲ್ಲಿ ಒಡೆಯಬೇಕು, ಯಾವ ತುಂಡಿಗೆ ಒತ್ತು ಕೊಡಬೇಕು ಎಂಬುದೇ ಆ ಗಂಟು. ಓದುವ ಮುಂಚೆ ನಮ್ಮ ಗುರುತುಗಳನ್ನು ನೋಡಿಕೊಳ್ಳಿ. ಉಚ್ಚಾರಾಂಶಗಳ ನಡುವೆ ಚುಕ್ಕೆ ಇಟ್ಟಿದ್ದೇವೆ. ಒತ್ತು ಬೀಳುವ ತುಂಡು ಚೌಕ ಕಂಸದಲ್ಲಿದೆ. ಸಣ್ಣ ಅಡ್ಡಗೆರೆ ಕಂಡರೆ ಅದು ಪೋರ್ಚುಗೀಸ್ ಬರಹದಲ್ಲೇ ಇರುವ ಅಡ್ಡಗೆರೆ. ಲಿಪಿಯ ಅಕ್ಷರಗಳನ್ನು ಎ, ಇ, ಐ, ಒ, ಯು ಎಂದು ಇಂಗ್ಲಿಷ್ ಹೆಸರಿನಲ್ಲೇ ಕರೆದಿದ್ದೇವೆ. ಉಚ್ಚಾರಣೆ ಬ್ರೆಜಿಲ್ ಕಡೆಯದು, ಲಿಸ್ಬನ್ನಿನದು ಬೇರೆಯಾದಲ್ಲಿ ಹಾಗೆಂದು ಹೇಳಿದ್ದೇವೆ. ಇನ್ನೊಂದು ಮಾತು: ಇಲ್ಲಿ 'ಒತ್ತು' ಎಂದರೆ ಒತ್ತಕ್ಷರದ ಒತ್ತಲ್ಲ, ದನಿಯ ಒತ್ತು.

ಪ್ರಶ್ನೆ: ಕೆಲಸದ ಮೇಲೆ ಲಿಸ್ಬನ್ನಿಗೆ ಹೋಗುವವಳಿದ್ದೇನೆ. 'ಅವರು ಮಾತಾಡಿದರು', 'ಅವರು ಮಾತಾಡುವರು' ಎರಡೂ ನನ್ನ ಬಾಯಲ್ಲಿ ಒಂದೇ ಆಗಿಬಿಡುತ್ತವೆ. ಪಾಠ ಹೇಳುವವರು ಪ್ರತಿ ಸಲವೂ 'ಹಿಂದೆಯೋ, ಮುಂದೆಯೋ?' ಎಂದು ಕೇಳುತ್ತಾರೆ. ತಪ್ಪು ಎಲ್ಲಿದೆ? — ಬೆಂಗಳೂರಿನ ಓದುಗರು

ಉತ್ತರ: ತಪ್ಪು ಒಂದೇ ಒಂದು ಕಡೆ ಇದೆ, ಆದರೆ ಅದು ಇಡೀ ಕಾಲವನ್ನೇ ಬದಲಿಸುತ್ತದೆ. ಫಲಾರ್ ಎಂದರೆ ಮಾತಾಡುವುದು. 'ಮಾತಾಡಿದರು' ಎನ್ನಲು ಫ·[ಲಾ]·ರಂವ್. 'ಮಾತಾಡುವರು' ಎನ್ನಲು ಫ·ಲ·[ರಂವ್]. ಮೂರೂ ತುಂಡುಗಳು ಅವೇ, ಕೊನೆಯ ಮೂಗುದನಿಯೂ ಅದೇ. ಬೇರೆಯಿರುವುದು ಒತ್ತು ಮಾತ್ರ. ಕನ್ನಡದಲ್ಲಿ 'ದ', 'ವ' ಎಂಬ ಪ್ರತ್ಯಯ ಕಾಲವನ್ನು ಹೇಳುತ್ತದೆ, ಪೋರ್ಚುಗೀಸಿನ ಈ ಜೋಡಿಯಲ್ಲಿ ಆ ಕೆಲಸವನ್ನು ಒತ್ತು ಮಾಡುತ್ತದೆ. ನೀವು ಮೂರು ತುಂಡುಗಳಿಗೂ ಸಮನಾದ ತೂಕ ಕೊಟ್ಟರೆ ಕೇಳುವವರಿಗೆ ಕಾಲವೇ ಸಿಗುವುದಿಲ್ಲ.

ಬರಹದಲ್ಲಿ ಇದಕ್ಕೆ ಒಳ್ಳೆಯ ಗುರುತಿದೆ. ಒತ್ತಿಲ್ಲದ ಆ ಕೊನೆಯನ್ನು ಎ-ಎಂ ಎಂದು ಬರೆಯುತ್ತಾರೆ. ಒತ್ತಿರುವುದನ್ನು ಅಲೆಗೆರೆ (~) ಹೊತ್ತ ಎ ಮತ್ತು ಒ ಎಂದು ಬರೆಯುತ್ತಾರೆ. ಕ್ರಿಯಾಪದಗಳಲ್ಲಿ ಈ ಕಟ್ಟಳೆ ಗಟ್ಟಿ. ಏಕವಚನದಲ್ಲೂ ಇಂಥದೇ ಜೋಡಿ ಇದೆ: ಫ·[ಲಾ]·ರ ಎಂದರೆ 'ಅಷ್ಟರಲ್ಲಾಗಲೇ ಮಾತಾಡಿದ್ದ', ಫ·ಲ·[ರಾ] ಎಂದರೆ 'ಮಾತಾಡುವನು'. ಎರಡನೆಯದರ ಕೊನೆಯ ಎ ಮೇಲೆ ಓರೆಗೆರೆ (´) ಇರುತ್ತದೆ.

ಭವಿಷ್ಯತ್ತಿನ ಒತ್ತು ಯಾಕೆ ಕೊನೆಗೆ ಜಾರಿತು ಎಂದು ಗೊತ್ತಾದರೆ ಮತ್ತೆ ಮರೆಯುವುದಿಲ್ಲ. ಇದು ಮೊದಲು ಎರಡು ಪದ. ಫಲಾರ್ ಎಂಬ ಮೂಲರೂಪದ ಹಿಂದೆ 'ಇರು, ಹೊಂದಿರು' ಎಂಬ ಅರ್ಥದ ಅವೇರ್ ಧಾತುವಿನ ರೂಪಗಳು ಬರುತ್ತಿದ್ದವು: ಏಯ್, ಆಸ್, ಆ, ಅಂವ್. 'ಮಾತಾಡುವುದಿದೆ' ಎಂಬಂಥ ಕಟ್ಟಡ. ಎರಡೂ ಬೆಸೆದುಕೊಂಡು ಒಂದೇ ಪದವಾದಾಗ ಎರಡನೆಯದರ ಒತ್ತು ಉಳಿಯಿತು. ಆದ್ದರಿಂದಲೇ ಫ·ಲ·[ರೇಯ್], ಫ·ಲ·[ರಾಸ್], ಫ·ಲ·[ರಾ], ಫ·ಲ·[ರೇ]·ಮುಸ್, ಫ·ಲ·[ರಂವ್]. 'ಮಾತಾಡುತ್ತಿದ್ದೆ, ಅವಕಾಶವಿದ್ದರೆ' ಎಂಬ ರೂಪವೂ ಇದೇ ಬಗೆಯದು: ಫ·ಲ·[ರೀ]·ಅ.

ಉಳಿದ ಕಾಲಗಳಿಗೆ ಲೆಕ್ಕ ಹೀಗೆ: ಯಾವಾಗಲೂ ಕೊನೆಯಿಂದ ಎಣಿಸಿ. ಬರಹದಲ್ಲಿ ಸ್ವರದ ಮೇಲೆ ಗುರುತಿಲ್ಲದ ಪದ ಎ, ಇ, ಒ ಅಕ್ಷರಗಳಲ್ಲಿ, ಅವುಗಳ ಜತೆ ಎಸ್ ಸೇರಿ, ಇಲ್ಲವೇ ಎ-ಎಂ, ಇ-ಎಂ ಎಂದು ಮುಗಿದರೆ ಒತ್ತು ಕೊನೆಯಿಂದ ಎರಡನೆಯದಕ್ಕೆ: [ಫಾ]·ಲು, [ಫಾ]·ಲಂವ್, ಫ·[ಲಾ]·ಮುಸ್, ಫ·[ಲಾ]·ವ. ಆರ್, ಎಲ್, ಝಡ್, ಐ, ಯು ಅಕ್ಷರಗಳಲ್ಲಿ ಮುಗಿದರೆ ಕೊನೆಯದಕ್ಕೇ: ಫ·[ಲಾರ್], ಫ·[ಲೇಯ್], ಫ·[ಲೋ]. ಕೊನೆಯ ಉದಾಹರಣೆ ಕಿವಿಗೆ ಓಕಾರವಾದರೂ ಬರಹದಲ್ಲಿ ಯು ಅಕ್ಷರದಲ್ಲಿ ಮುಗಿಯುತ್ತದೆ. ಈ ಎರಡು ನಿಯಮಕ್ಕೆ ಹೊರತಾದ ಕಡೆ ಬರಹವೇ ಗುರುತು ಹಾಕಿ ತೋರಿಸುತ್ತದೆ.

ಕೊನೆಯಿಂದ ಮೂರನೆಯದಕ್ಕೆ ಒತ್ತು ಬೀಳುವ ಪದಗಳೆಲ್ಲಕ್ಕೂ ಗುರುತು ಕಡ್ಡಾಯ. ಕ್ರಿಯಾಪದಗಳ ಮಟ್ಟಿಗೆ ಇಲ್ಲೊಂದು ಕೀಲಿ ಇದೆ. ಸರ್ವನಾಮ ಅಂಟಿರದ ಕ್ರಿಯಾಪದದಲ್ಲಿ ಮೂರನೆಯದಕ್ಕೆ ಒತ್ತು ಕಂಡರೆ ಅದು 'ನಾವು' ರೂಪ ಎಂದೇ ತಿಳಿಯಿರಿ: ಫ·[ಲಾ]·ವ·ಮುಸ್, ಫ·ಲ·[ರೀ]·ಅ·ಮುಸ್, ಫ·[ಲಾ]·ಸಿ·ಮುಸ್. 'ಅವನು' ರೂಪವಾದ ಫ·[ಲಾ]·ವ ಇದ್ದಲ್ಲೇ ನಿಂತಿದೆ, ಹಿಂದೆ ಮುಸ್ ಸೇರಿದ್ದರಿಂದ ಎಣಿಕೆ ಮಾತ್ರ ಒಂದು ಹೆಚ್ಚಾಯಿತು. ಒತ್ತು ಅಲುಗಲಿಲ್ಲ. ಹೊಸಬರು ಮುಸ್ ಸೇರಿದ ಕೂಡಲೇ ಒತ್ತನ್ನು ಒಂದು ಹೆಜ್ಜೆ ಹಿಂದಕ್ಕೆ ತಳ್ಳಿ 'ಫ·ಲ·[ವಾ]·ಮುಸ್' ಎನ್ನುತ್ತಾರೆ. ಅಂಥ ರೂಪವೇ ಇಲ್ಲ.

ಪ್ರಶ್ನೆ: ನಾನು ಕನ್ನಡ ಎಂ.ಎ. ವಿದ್ಯಾರ್ಥಿ, ಪೋರ್ಚುಗೀಸ್ ಹವ್ಯಾಸಕ್ಕೆ ಕಲಿಯುತ್ತಿದ್ದೇನೆ. ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಒಡೆದರೆ ಪುಸ್ತಕದ ವಿಭಜನೆಗೆ ತಾಳೆಯಾಗುವುದಿಲ್ಲ. ಯಾಕೆ? — ಮೈಸೂರಿನ ಓದುಗರು

ಉತ್ತರ: ಕನ್ನಡ ಲಿಪಿಯ ಅಕ್ಷರವೂ ಉಚ್ಚಾರಾಂಶವೂ ಒಂದೇ ಅಲ್ಲ, ಅದಕ್ಕೆ. 'ಫಲರ್ಮುಸ್' ಎಂದು ಬರೆದರೆ ಲಿಪಿ ರಕಾರವನ್ನು ಮುಂದಿನ ಮಕಾರದ ತಲೆಗೆ ಕಟ್ಟುತ್ತದೆ: ಫ, ಲ, ರ್ಮು. ಆದರೆ ಆ ರಕಾರ ಹಿಂದಿನ ತುಂಡಿನ ಬಾಲ: ಫ·[ಲಾರ್]·ಮುಸ್, 'ನಾವು ಮಾತಾಡಲು'. ಛಂದಸ್ಸು ಓದಿದ ನಿಮಗೆ ಇದು ಹೊಸತಲ್ಲ. 'ಅರ್ಥ' ಪದದಲ್ಲಿ ಒತ್ತಕ್ಷರದ ಹಿಂದಿನ ಅಕಾರ ಗುರುವಾಗುವುದು ರಕಾರ ಅದರ ಬೆನ್ನಿಗೆ ಅಂಟುವುದರಿಂದ. ಪೋರ್ಚುಗೀಸ್ ವಿಭಜನೆಯನ್ನು ಪ್ರಸ್ತಾರ ಹಾಕುವ ಕಣ್ಣಿನಿಂದ ನೋಡಿ, ಕಾಗುಣಿತದ ಕಣ್ಣಿನಿಂದ ಬೇಡ.

ಪ್ರಸ್ತಾರಕ್ಕೂ ಇದಕ್ಕೂ ಎರಡು ವ್ಯತ್ಯಾಸಗಳಿವೆ. ಪ್ರ, ಬ್ರ, ತ್ರ, ಕ್ಲ, ಬ್ಲ ಥರದ ಜೋಡಿಗಳು ಒಡೆಯುವುದಿಲ್ಲ, ಇಡಿಯಾಗಿ ಮುಂದಿನ ತುಂಡಿಗೆ ಹೋಗುತ್ತವೆ: ಕೊಂ·[ಪ್ರಾರ್], ಕೊಳ್ಳುವುದು. ಎರಡನೆಯದು ಇಮ್ಮಡಿ ಎಸ್. ಬರಹದಲ್ಲಿ ಅದನ್ನು ನಡುವೆ ಕತ್ತರಿಸುತ್ತಾರೆ, ಬಾಯಲ್ಲಿ ಅದು ಒಂದೇ ಸಕಾರ. ಪೋರ್ಚುಗೀಸಿನಲ್ಲಿ ದ್ವಿತ್ವ ಇಲ್ಲ. ನಾವು 'ಮನಸ್ಸು' ಎಂಬಂತೆ ಸಕಾರವನ್ನು ಹಿಡಿದು ಬಿಟ್ಟರೆ ತಪ್ಪು. ಹಾಗಾದರೆ ಎರಡು ಎಸ್ ಯಾಕೆ? ಎರಡು ಸ್ವರಗಳ ನಡುವೆ ಒಂಟಿ ಎಸ್ ಬಂದರೆ ಅದು ಝಕಾರವಾಗುತ್ತದೆ, ಸಕಾರ ಉಳಿಯಲೆಂದು ಎರಡು ಬರೆಯುತ್ತಾರೆ.

ನಿಜವಾದ ಕಷ್ಟ ಸ್ವರದ ಪಕ್ಕ ಸ್ವರ ಬಂದಾಗ. ಸ·[ಈರ್], ಅಂದರೆ ಹೊರಗೆ ಹೋಗುವುದು, ಇದನ್ನು ಒಮ್ಮೆ ಚೆನ್ನಾಗಿ ಉರುಹಾಕಿದರೆ ಉಳಿದವು ತಾವಾಗಿ ಬರುತ್ತವೆ. ಎ ಮತ್ತು ಐ ಅಂಟಿಕೊಂಡರೆ ಒಂದು ತುಂಡು: [ಸಾಯ್], 'ಹೊರಗೆ ಹೋಗುತ್ತಾನೆ'. ಬಿಟ್ಟುಕೊಂಡರೆ ಎರಡು: ಸ·[ಈ], 'ಹೊರಗೆ ಹೋದೆ'. ಎರಡನೆಯದರ ಐ ಮೇಲಿನ ಓರೆಗೆರೆ ಒತ್ತನ್ನೂ ತೋರಿಸುತ್ತದೆ, 'ಇಲ್ಲಿ ಒಡೆ' ಎಂದೂ ಹೇಳುತ್ತದೆ. ಇದೇ ಬಗೆಯ ಇನ್ನೆರಡು ಜೋಡಿ ನೋಡಿ. [ಸಾಯ್]·ಅ 'ಹೊರಗೆ ಹೋಗಲಿ', ಸ·[ಈ]·ಅ 'ಹೊರಗೆ ಹೋಗುತ್ತಿದ್ದ'. ಸಯ್·[ಆ]·ಮುಸ್ 'ಹೊರಡೋಣ', ಸ·[ಈ]·ಅ·ಮುಸ್ 'ಹೊರಗೆ ಹೋಗುತ್ತಿದ್ದೆವು'. ಕೊನೆಯ ಜೋಡಿಯಲ್ಲಿ ಅಕ್ಷರಗಳೆಲ್ಲ ಒಂದೇ. ಓರೆಗೆರೆ ಬಂದರೆ ಮೂರು ತುಂಡು ನಾಲ್ಕಾಗುತ್ತದೆ, ಒತ್ತು ಜಾಗ ಬದಲಿಸುತ್ತದೆ, ಕಾಲವೂ ಬದಲಾಗುತ್ತದೆ. ಇಷ್ಟು ಚಿಕ್ಕ ಗೆರೆ ಇಷ್ಟು ಕೆಲಸ ಮಾಡುವ ಜಾಗ ಆ ಭಾಷೆಯಲ್ಲಿ ಹೆಚ್ಚಿಲ್ಲ.

ಆ ಗೆರೆ ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ? ಹಿಂದಿನ ಸ್ವರದಿಂದ ಬೇರೆಯಾಗಿ ನಿಂತ, ಒತ್ತು ಹೊತ್ತ ಐ ಅಥವಾ ಯು ತನ್ನ ತುಂಡಿನಲ್ಲಿ ಒಂಟಿಯಾಗಿದ್ದರೆ, ಇಲ್ಲವೇ ಎಸ್ ಒಂದನ್ನೇ ಜತೆಗಿಟ್ಟುಕೊಂಡಿದ್ದರೆ ಗೆರೆ ಬೇಕು: ಸ·[ಈ]·ಮುಸ್, ಸ·[ಈ]·ರಂವ್, ಸ·[ಈ]·ಸಿ. ಅದೇ ತುಂಡಿನಲ್ಲಿ ಆರ್ ಅಥವಾ ಎನ್ ಸೇರಿದರೆ ಬೇಡ: ಸ·[ಈರ್], ಸ·[ಈರ್]·ಮುಸ್, ಸ·[ಇನ್]·ದು. 'ಹೊರಗೆ ಹೋದ' ಎಂಬ ಸ·[ಇವ್] ರೂಪಕ್ಕೂ ಗೆರೆ ಇಲ್ಲ, ಅಲ್ಲಿ ಐ ಮುಂದಿನ ಯು ಜತೆ ಕೂಡಿಕೊಂಡಿದೆ. 'ಹೊರಗೆ ಹೋಗುವರು' ಎಂಬ ಸ·ಇ·[ರಂವ್] ರೂಪದಲ್ಲಿ ಐ ಬೇರೆಯಾಗಿದ್ದರೂ ಒತ್ತು ಅದರ ಮೇಲಿಲ್ಲ, ಹಾಗಾಗಿ ಗೆರೆಯೂ ಇಲ್ಲ.

ಈಗ 'ನಾವು ಕಟ್ಟಿದ್ದರೆ' ಎಂಬ ಐದು ತುಂಡಿನ ರೂಪವನ್ನು ನೀವೇ ಒಡೆಯಬಹುದು: ಕೊನ್ಸ್·ತ್ರು·[ಈ]·ಸಿ·ಮುಸ್. ಎನ್ ಮತ್ತು ಎಸ್ ಹಿಂದಿನ ತುಂಡಿಗೆ, ತ್ರ ಒಡೆಯದೆ ಮುಂದಕ್ಕೆ. ಐ ಜತೆಗೆ ಇಮ್ಮಡಿ ಎಸ್‌ನ ಮೊದಲರ್ಧ ಮಾತ್ರ ಇರುವುದರಿಂದ ಗೆರೆ ಬೇಕು. ಕೊನೆಯಿಂದ ಮೂರನೆಯದಾದ್ದರಿಂದಲೂ ಬೇಕು.

ಪ್ರಶ್ನೆ: ಸಾವೊ ಪಾಲೊದಲ್ಲಿ ಎರಡು ವರ್ಷದಿಂದ ಇದ್ದೇವೆ. ಮಗಳ ಶಾಲೆಯ ಬರಹದಲ್ಲಿ ಅಡ್ಡಗೆರೆ ಬೇಕಾದಲ್ಲಿ ಎರಡು ಎಸ್, ಎರಡು ಎಸ್ ಬೇಕಾದಲ್ಲಿ ಅಡ್ಡಗೆರೆ. ಹೇಗೆ ತಿದ್ದಲಿ? — ಬ್ರೆಜಿಲಿನಿಂದ ಓದುಗರು

ಉತ್ತರ: ಆ ಭಾಷೆಯಲ್ಲೇ ಹುಟ್ಟಿ ಬೆಳೆದ ಮಕ್ಕಳೂ ದೊಡ್ಡವರೂ ಮಾಡುವ ತಪ್ಪು ಇದು, ಮಗಳನ್ನು ಗದರಬೇಡಿ. ಮನೆಗಳ ಮುಂದೆ ನೇತುಹಾಕುವ 'ಮಾರಾಟಕ್ಕಿದೆ' ಫಲಕವನ್ನು ತೋರಿಸಿ: [ವೆನ್]·ದಿ-ಸಿ. ಇಲ್ಲಿ 'ಸಿ' ಬೇರೆ ಪದ, ಕ್ರಿಯಾಪದಕ್ಕೆ ಅಂಟಿ ನಿಂತಿದೆ. 'ಮಾರಿದ್ದರೆ' ಎನ್ನುವಾಗ ವೆನ್·[ದೇ]·ಸಿ, ಇಡೀ ಒಂದೇ ಪದ, ಎರಡು ಎಸ್. ಕಿವಿಗೆ ವ್ಯತ್ಯಾಸ ಒತ್ತಿನದು. ಮೊದಲ ತುಂಡು ಎದ್ದು ಕೇಳಿದರೆ ಅಡ್ಡಗೆರೆ, ನಡುವಿನದು ಎದ್ದು ಕೇಳಿದರೆ ಎರಡು ಎಸ್. ಫಲಾರ್‌ಗೂ ಹಾಗೇ: [ಫಾ]·ಲ-ಸಿ 'ಮಾತಾಡುತ್ತಾರೆ, ಮಾತು ನಡೆಯುತ್ತದೆ', ಫ·[ಲಾ]·ಸಿ 'ಮಾತಾಡಿದ್ದರೆ'.

ಕಿವಿ ಸಾಲದಿದ್ದರೆ ಇನ್ನೊಂದು ಪರೀಕ್ಷೆ ಇದೆ. ವಾಕ್ಯಕ್ಕೆ ಇಲ್ಲ ಎಂಬ 'ನಂವ್' ಹಾಕಿಸಿ. 'ನಂವ್ ಸಿ ವೆನ್‌ದಿ' ಎಂದು ಸಿ ಮುಂದಕ್ಕೆ ಹಾರಿದರೆ ಅದು ಬಿಡಿ ಪದ, ಅಡ್ಡಗೆರೆ ಬೇಕು. ಹಾರದೆ ಅಲ್ಲೇ ಕಚ್ಚಿಕೊಂಡಿದ್ದರೆ ಅದು ಪ್ರತ್ಯಯ, ಎರಡು ಎಸ್. 'ನಾವು' ರೂಪದ ಮುಸ್ ಮುಂದೆ ಅಡ್ಡಗೆರೆ ಹಾಕುವ ತಪ್ಪಿಗೂ ಇದೇ ಮದ್ದು. ಕೊಂ·[ಪ್ರಾ]·ಮುಸ್ 'ಕೊಳ್ಳುತ್ತೇವೆ' ಒಂದೇ ಪದ. [ಕೊಂ]·ಪ್ರ-ಮುಸ್ ಎಂದು ಅಡ್ಡಗೆರೆ ಹಾಕಿದರೆ 'ನನಗೆ ಅವನ್ನು ಕೊಂಡುಕೊಡು' ಎಂಬ ಬೇರೆಯೇ ಅರ್ಥ ಬರುತ್ತದೆ.

ಪ್ರಶ್ನೆ: ನಮ್ಮ ಮನೆತನಕ್ಕೆ ಗೋವೆಯ ನಂಟು. ಪೋರ್ಚುಗೀಸ್ ಆಡಳಿತದ ಕಾಲದ ಕೆಲವು ಜಮೀನು ಕಾಗದಗಳು ಇವೆ. ಎರಡೆರಡು ಅಡ್ಡಗೆರೆ ಇರುವ ಕ್ರಿಯಾಪದಗಳು ಬರುತ್ತವೆ, ನಡುವೆ ಏನೋ ಸಿಕ್ಕಿಸಿದಂತೆ. ಅವನ್ನು ಹೇಗೆ ಓದಬೇಕು? — ಕಾರವಾರದ ಓದುಗರು

ಉತ್ತರ: ಸಿಕ್ಕಿಸಿದ್ದೇ ಅದು, ನಿಮ್ಮ ಕಣ್ಣು ಸರಿಯಾಗಿಯೇ ಕಂಡಿದೆ. ಮೊದಲ ಉತ್ತರದಲ್ಲಿ ಭವಿಷ್ಯತ್ ರೂಪ ಎರಡು ಪದ ಬೆಸೆದು ಆದದ್ದು ಎಂದೆವಲ್ಲ, ಆ ಬೆಸುಗೆಯ ಜಾಗ ಇನ್ನೂ ಪೂರ್ತಿ ಮುಚ್ಚಿಲ್ಲ. ಸರ್ವನಾಮ ಅಲ್ಲೇ ನುಗ್ಗುತ್ತದೆ. ಬಿಡಿಸುವ ಕ್ರಮ ಸುಲಭ. ನಡುವಿನ ತುಂಡನ್ನು ಬೆರಳಿನಿಂದ ಮುಚ್ಚಿ, ಎರಡು ತುದಿಗಳನ್ನು ಕೂಡಿಸಿ ಓದಿ. ಸರ್ಕಾರಿ ಕಾಗದದಲ್ಲಿ ತುಂಬ ಬರುವುದು [ಫಾರ್]-ಸಿ-[ಆ]. ನಡುವಿನ ಸಿ ತೆಗೆದರೆ ಫ·[ರಾ], 'ಮಾಡುವನು'. ಸಿ ಸೇರಿದರೆ 'ಮಾಡಲಾಗುವುದು'. [ದಾರ್]-ಲ್ಯಿ-[ಈ]·ಅ·ಮುಸ್ ಎಂಬಲ್ಲಿ ಲ್ಯಿ ಮುಚ್ಚಿದರೆ ದ·[ರೀ]·ಅ·ಮುಸ್, 'ಕೊಡುತ್ತಿದ್ದೆವು, ಹಾಗಿದ್ದರೆ'. ಲ್ಯಿ ಎಂದರೆ 'ಅವನಿಗೆ' ಅಥವಾ 'ಅವಳಿಗೆ'. ಗಟ್ಟಿಯಾಗಿ ಓದುವಾಗ ಇಂಥ ಪದಕ್ಕೆ ಎರಡು ಒತ್ತು: ಮೊದಲ ತುಂಡಿನ ಕೊನೆಗೊಂದು, ಕೊನೆಯ ತುಂಡಿನಲ್ಲಿ ಇನ್ನೊಂದು. ನಡುವೆ ಸಿಕ್ಕಿದ ಸರ್ವನಾಮಕ್ಕೆ ಒತ್ತು ಇಲ್ಲವೇ ಇಲ್ಲ.

ಸಿಕ್ಕಿದ ಸರ್ವನಾಮ 'ಅವನನ್ನು, ಅದನ್ನು' ಎಂಬ ಒ ಅಥವಾ ಎ ಆದರೆ ಇನ್ನೊಂದು ಬದಲಾವಣೆ ಆಗುತ್ತದೆ. ಮೊದಲ ತುಂಡಿನ ಆರ್ ಬಿದ್ದುಹೋಗಿ ಸರ್ವನಾಮದ ಮುಂದೆ ಲಕಾರ ಬರುತ್ತದೆ: ಕೊಂ·[ಪ್ರಾ]-ಲು-[ಏಯ್], 'ಅದನ್ನು ಕೊಳ್ಳುವೆ'. ಗುರುತು ಹಾಕುವ ನಿಯಮ ಇಲ್ಲಿ ನೆನಪಿಡಬೇಕಾದದ್ದು. ಅಡ್ಡಗೆರೆಯ ಹಿಂದಿನ ತುಂಡನ್ನು ಬಿಡಿ ಪದವೆಂದೇ ಲೆಕ್ಕ ಹಿಡಿಯುತ್ತಾರೆ. 'ಕೊಂಪ್ರಾ' ಎಂಬುದು ಒತ್ತಿರುವ ಎಯಲ್ಲಿ ಮುಗಿಯುತ್ತದೆ, ಆದ್ದರಿಂದ ಓರೆಗೆರೆ ಬೇಕು. ವೆನ್·[ದೇ]-ಲು, 'ಅದನ್ನು ಮಾರಲು', ಇಯಲ್ಲಿ ಮುಗಿಯುತ್ತದೆ, ಟೋಪಿ (^) ಬೇಕು. ಪರ್·[ತೀ]-ಲು, 'ಅದನ್ನು ಒಡೆಯಲು', ಐಯಲ್ಲಿ ಮುಗಿಯುತ್ತದೆ. ಐ ಕೊನೆಯಾದರೆ ಒತ್ತು ತಾನಾಗಿ ಅಲ್ಲೇ ಬೀಳುವುದರಿಂದ ಗುರುತು ಬೇಡ. ಆದರೆ ಕೊನ್ಸ್·ತ್ರು·[ಈ]-ಲು, 'ಅದನ್ನು ಕಟ್ಟಲು', ಇದಕ್ಕೆ ಗುರುತು ಬೇಕು, ಯಾಕೆಂದರೆ ಯು ಪಕ್ಕದ ಐ ಒಡೆದು ನಿಂತಿದೆ. ಪರ್ತೀ-ಲು, ಕೊನ್ಸ್ತ್ರುಈ-ಲು ಇವೆರಡರ ವ್ಯತ್ಯಾಸದಲ್ಲೇ ಬಹಳ ಜನ ಎಡವುತ್ತಾರೆ.

ಫಜೇರ್, ದಿಜೇರ್, ತ್ರಜೇರ್ ಈ ಮೂರು ಭವಿಷ್ಯತ್ತಿನಲ್ಲಿ ಮೊಟಕಾಗುತ್ತವೆ. ಹಾಗಾಗಿ [ಫಾ]-ಲು-[ಏಯ್] 'ಅದನ್ನು ಮಾಡುವೆ', [ದೀ]-ಲು-[ಏಯ್] 'ಅದನ್ನು ಹೇಳುವೆ', [ತ್ರಾ]-ಲು-[ಏಯ್] 'ಅದನ್ನು ತರುವೆ'. ದೀ ಮೇಲೆ ಗುರುತಿಲ್ಲ, ಉಳಿದೆರಡಕ್ಕೆ ಇದೆ. ಕಾರಣ ಮೇಲಿನದೇ.

ಕಾಗದಗಳು ತುಂಬ ಹಳೆಯವಾದರೆ ಒಂದು ಎಚ್ಚರಿಕೆ. ಪೋರ್ಚುಗಲ್‌ನಲ್ಲಿ ಕಾಗುಣಿತವನ್ನು ಕಟ್ಟುನಿಟ್ಟು ಮಾಡಿದ್ದು 1911ರ ಸುಧಾರಣೆ. ಅದಕ್ಕೂ ಹಿಂದಿನ, ಮುಖ್ಯವಾಗಿ 18ನೇ ಶತಮಾನದ ಮತ್ತು 19ನೇ ಶತಮಾನದ ಮೊದಲ ಭಾಗದ ಬರಹಗಳಲ್ಲಿ, ಒತ್ತಿಲ್ಲದ ಎ-ಎಂ ಕೊನೆಯನ್ನೂ ಅಲೆಗೆರೆಯ ಎ-ಒ ಎಂದೇ ಬರೆಯುವ ರೂಢಿ ಇತ್ತು. ಅಂದರೆ ಇಂದಿನ ಕಣ್ಣಿಗೆ ಭವಿಷ್ಯತ್ ಎನಿಸುವುದು ಅಲ್ಲಿ ಭೂತಕಾಲವೂ ಆಗಿರಬಹುದು. ಧಾತು ಬದಲಾಗುವ ಕ್ರಿಯಾಪದಗಳಲ್ಲಿ ತೊಂದರೆ ಇಲ್ಲ: 'ಮಾಡಿದರು' ಎಂಬುದಕ್ಕೆ ಫಿಜೆ- ಎಂಬ ಬುಡ, 'ಮಾಡುವರು' ಎಂಬುದಕ್ಕೆ ಫ- ಎಂಬ ಬುಡ. ಮಂದಾರ್, ಅಂದರೆ ಅಪ್ಪಣೆ ಕೊಡುವುದು ಅಥವಾ ಕಳಿಸುವುದು, ಇಂಥ ಸಾದಾ ಕ್ರಿಯಾಪದ ಬಂದರೆ ಮಾತ್ರ ನಿಲ್ಲಿ. ಮಂ·[ದಾ]·ರಂವ್ ಎಂದರೆ ಕಳಿಸಿದರು, ಮಂ·ದ·[ರಂವ್] ಎಂದರೆ ಕಳಿಸುವರು, ಹಳೆಯ ಬರಹ ಎರಡನ್ನೂ ಒಂದೇ ಥರ ತೋರಿಸಬಹುದು. ಆಗ ವಾಕ್ಯದಲ್ಲಿರುವ ತಾರೀಖನ್ನೂ ಅಕ್ಕಪಕ್ಕದ ಕ್ರಿಯಾಪದಗಳನ್ನೂ ನೋಡಿ ತೀರ್ಮಾನಿಸಿ. ಜಮೀನಿನ ಕಾಗದದಲ್ಲಿ 'ಕೊಟ್ಟರು', 'ಕೊಡುವರು' ಅದಲುಬದಲಾದರೆ ಹಕ್ಕಿನ ಅರ್ಥವೇ ತಿರುಗುತ್ತದೆ. ಅಂಥ ಸಾಲನ್ನು ಹಳೆಯ ಬರಹ ಓದಬಲ್ಲ ಇನ್ನೊಬ್ಬರಿಗೂ ತೋರಿಸಿ.

ಇವತ್ತಿನ ಬಳಕೆಗೆ ನೀವು ಇವನ್ನು ಓದಿ ತಿಳಿದರೆ ಸಾಕು, ಆಡಬೇಕಾಗಿಲ್ಲ. ಬ್ರೆಜಿಲಿನ ಮಾತಿನಲ್ಲಿ ಇವು ಇಲ್ಲವೆಂದೇ ಹೇಳಬಹುದು. ಪೋರ್ಚುಗಲ್‌ನಲ್ಲೂ ಗಂಭೀರ ಬರಹ, ಭಾಷಣಗಳಿಗೆ ಸೀಮಿತ. 'ಕೊಂಪ್ರರೇಯ್' ಎಂಬುದರ ಬಾಲಕ್ಕೆ ಸರ್ವನಾಮ ಅಂಟಿಸುವುದು ಮಾತ್ರ ಶಿಷ್ಟ ಬಳಕೆಯಲ್ಲಿ ತಪ್ಪು. ಬದಲಿಗೆ 'ವೋ ಕೊಂ·[ಪ್ರಾ]-ಲು' ಎನ್ನಿ, 'ಅದನ್ನು ಕೊಳ್ಳಲಿದ್ದೇನೆ'.

ಪ್ರಶ್ನೆ: ಸರ್ವನಾಮ ಸೇರಿ ಪದ ಉದ್ದವಾದಾಗ ಒತ್ತು ಸರಿಯುವುದೇ? — ಶಿವಮೊಗ್ಗದ ಓದುಗರು

ಉತ್ತರ: ಸರಿಯುವುದಿಲ್ಲ. ಅಡ್ಡಗೆರೆಯ ಆಚೆಗಿನದು ಗಾಳಿಪಟದ ಬಾಲಂಗೋಚಿ ಇದ್ದಂತೆ. ಲೆ·ವನ್·[ತಾ]·ವ·ಮು-ನುಸ್, 'ಏಳುತ್ತಿದ್ದೆವು'. ಇಲ್ಲಿ ಒತ್ತು ಕೊನೆಯಿಂದ ನಾಲ್ಕನೆಯದರ ಮೇಲಿದೆ. ಒಂಟಿ ಪದದಲ್ಲಿ ಹಾಗಾಗುವುದಿಲ್ಲ, ಬಾಲ ಬಂದಾಗ ಮಾತ್ರ ಸಾಧ್ಯ. ಮುಸ್ ಎಂಬುದರ ಕೊನೆಯ ಎಸ್ 'ನುಸ್' ಮುಂದೆ ಬಿದ್ದುಹೋಗಿರುವುದನ್ನೂ ಗಮನಿಸಿ. ಅದನ್ನು ಉಳಿಸಿ ಬರೆಯುವುದು ತಪ್ಪು.

ಪ್ರಶ್ನೆ: ನನ್ನ ಹಳೆಯ ಪುಸ್ತಕಕ್ಕೂ ಹೊಸ ಪುಸ್ತಕಕ್ಕೂ ಗುರುತುಗಳು ತಾಳೆಯಾಗುತ್ತಿಲ್ಲ. ಟೋಪಿಗಳು ಎಲ್ಲಿ ಹೋದವು? — ಧಾರವಾಡದ ಓದುಗರು

ಉತ್ತರ: ಲಿಸ್ಬನ್ನಿನಲ್ಲಿ 1990ರ ಡಿಸೆಂಬರ್ 16ರಂದು ಸಹಿಯಾದ ಕಾಗುಣಿತ ಒಪ್ಪಂದದ ಫಲ ಅದು. ಬ್ರೆಜಿಲಿನಲ್ಲಿ 2009ರಿಂದ ಜಾರಿಗೆ ಬಂತು, 2016ರ ಜನವರಿ 1ರಿಂದ ಕಡ್ಡಾಯ. ಕ್ರಿಯಾಪದಗಳ ಮಟ್ಟಿಗೆ ಬದಲಾದದ್ದು ಕಡಿಮೆ. ಓದುತ್ತಾರೆ, ನೋಡುತ್ತಾರೆ, ನಂಬುತ್ತಾರೆ, ಕೊಡಲಿ ಎಂಬ ನಾಲ್ಕರ ಬಹುವಚನದಲ್ಲಿ ಇಮ್ಮಡಿ ಇಯ ಮೇಲಿದ್ದ ಟೋಪಿ ಹೋಯಿತು. ಒತ್ತು ಇದ್ದಲ್ಲೇ ಇದೆ: [ಲೇ]·ಎಂಯ್, [ವೇ]·ಎಂಯ್. 'ನಿಲ್ಲುತ್ತಾನೆ' ಎಂಬ [ಪಾ]·ರ ಮೇಲಿನ ಓರೆಗೆರೆಯೂ ಹೋಯಿತು. ಈಗ ಅದು 'ಅದಕ್ಕಾಗಿ' ಎಂಬ ಅರ್ಥದ ಚಿಕ್ಕ ಪದದ ಥರವೇ ಕಾಣುತ್ತದೆ. ಈ ಒಂದು ಬದಲಾವಣೆ ಓದುಗನಿಗೆ ನಷ್ಟವೇ ಎಂಬುದು ನಮ್ಮ ಅಭಿಪ್ರಾಯ.

ಉಳಿದದ್ದು ಮುಖ್ಯ. [ಪೋ]·ದಿ ಮೇಲಿನ ಟೋಪಿ ಕಡ್ಡಾಯ: ಟೋಪಿ ಇದ್ದರೆ 'ಆಯಿತು, ಸಾಧ್ಯವಾಯಿತು', ಇಲ್ಲದಿದ್ದರೆ 'ಆಗುತ್ತದೆ', ಓಕಾರವೂ ಬಾಯಗಲಿಸಿ. ಇಡುವುದು ಎಂಬ [ಪೋರ್] ಮೇಲಿನ ಟೋಪಿಯೂ ಉಳಿದಿದೆ. 'ಅವರ ಬಳಿ ಇದೆ', 'ಬರುತ್ತಾರೆ' ಎಂಬ ಬಹುವಚನಗಳ ಟೋಪಿಯೂ ಉಳಿದಿದೆ. ಬ್ರೆಜಿಲಿನಲ್ಲಿ ಏಕವಚನಕ್ಕೂ ಬಹುವಚನಕ್ಕೂ ಉಚ್ಚಾರ ಒಂದೇ, ಲಿಸ್ಬನ್ನಿನಲ್ಲಿ ಬಹುವಚನ ಎರಡು ತುಂಡಿನಂತೆ ಕೇಳಿಸುತ್ತದೆ. 'ಮಾತಾಡಿದೆವು' ಎಂಬ ರೂಪಕ್ಕೆ ಪೋರ್ಚುಗಲ್‌ನಲ್ಲಿ ಓರೆಗೆರೆ ಹಾಕುತ್ತಾರೆ, 'ಮಾತಾಡುತ್ತೇವೆ' ರೂಪಕ್ಕೆ ಇಲ್ಲ. ಎರಡರಲ್ಲೂ ಒತ್ತು ಲಾ ಮೇಲೆಯೇ. ಅಲ್ಲಿನ ಗೆರೆ ತೋರಿಸುವುದು ಒತ್ತಿನ ಜಾಗವನ್ನಲ್ಲ, ಆಕಾರದ ಅಗಲವನ್ನು. ಬ್ರೆಜಿಲಿನವರು ಎರಡಕ್ಕೂ ಗೆರೆ ಹಾಕುವುದಿಲ್ಲ. ಒಪ್ಪಂದ ಎರಡನ್ನೂ ಒಪ್ಪಿದೆ.

ಪ್ರಶ್ನೆ: ನಾಮಪದಕ್ಕೂ ಕ್ರಿಯಾಪದಕ್ಕೂ ಅಕ್ಷರ ಒಂದೇ ಇದ್ದಾಗ ಒತ್ತು ಯಾವುದಕ್ಕೆ ಎಲ್ಲಿ? — ಉಡುಪಿಯ ಓದುಗರು

ಉತ್ತರ: ಐ-ಎ-ಆರ್ ಎಂದು ಮುಗಿಯುವ ಕ್ರಿಯಾಪದಗಳಲ್ಲಿ ಈ ಗೊಂದಲ ಹೆಚ್ಚು. ಪ್ರಭಾವ ಎಂಬ ನಾಮಪದ ಇನ್·ಫ್ಲು·[ಏನ್]·ಸಿಯ, ಅದಕ್ಕೆ ಟೋಪಿ ಇದೆ. 'ಪ್ರಭಾವ ಬೀರುತ್ತದೆ' ಎಂಬುದು ಇನ್·ಫ್ಲು·ಎನ್·[ಸೀ]·ಅ, ಗುರುತಿಲ್ಲ. ಜಾಹೀರಾತು ಅ·[ನೂನ್]·ಸಿಯು, 'ಸಾರುತ್ತೇನೆ' ಅ·ನುನ್·[ಸೀ]·ಉ. ಗುರುತು ಕಂಡರೆ ನಾಮಪದ, ಕಾಣದಿದ್ದರೆ ಕ್ರಿಯಾಪದ, ಒತ್ತು ಐ ಮೇಲೆ. ಐದು ಕ್ರಿಯಾಪದಗಳು ಮಾತ್ರ ದಾರಿ ಬಿಡುತ್ತವೆ: ಮೆದಿಆರ್, ಅನ್ಸಿಆರ್, ರೆಮೆದಿಆರ್, ಇನ್ಸೆನ್‌ದಿಆರ್, ಓದಿಆರ್. ಮೊದಲಕ್ಷರಗಳನ್ನು ಕೂಡಿಸಿದರೆ ಮಾರಿಯು ಎಂಬ ಹೆಸರಾಗುತ್ತದೆಂದು ಬ್ರೆಜಿಲಿನ ಶಾಲೆಗಳಲ್ಲಿ ಹೇಳಿಕೊಡುತ್ತಾರೆ. ಇವುಗಳಲ್ಲಿ ಒತ್ತು ಬಿದ್ದ ಕಡೆ ಐ ಹಿಗ್ಗಿ ಏಯ್ ಆಗುತ್ತದೆ: ಒ·[ದೇಯ್]·ಉ, 'ದ್ವೇಷಿಸುತ್ತೇನೆ'. 'ನಾವು' ರೂಪದಲ್ಲಿ ಒತ್ತು ಮುಂದಿನ ತುಂಡಿಗೆ ಹೋಗುವುದರಿಂದ ಐ ಹಿಗ್ಗುವುದಿಲ್ಲ: ಒ·ದಿ·[ಆ]·ಮುಸ್.

ಪ್ರಶ್ನೆ: ಒತ್ತು ಅಂದರೆ ದೀರ್ಘ ಎಳೆಯುವುದೇ? ಕನ್ನಡದ ಬಾಯಿಗೆ ಒಂದು ಅಭ್ಯಾಸಕ್ರಮ ಹೇಳಿ. — ಮಂಗಳೂರಿನ ಓದುಗರು

ಉತ್ತರ: ದೀರ್ಘವೇ ಅಲ್ಲ, ಆದರೆ ದೀರ್ಘ ಒಳ್ಳೆಯ ಹಿಡಿಕೆ. ಕನ್ನಡದ ಕಿವಿ ಈ ಒತ್ತನ್ನು ದೀರ್ಘವಾಗಿಯೇ ಕೇಳಿಸಿ­ಕೊಂಡಿದೆ ಎಂಬುದಕ್ಕೆ ನಿಮ್ಮ ಮನೆಯೊಳಗೇ ಸಾಕ್ಷಿ ಇದೆ. ಜ·[ನೆ]·ಲ ನಿಮ್ಮ ಕಡೆ ಜನೇಲು ಆಯಿತು, ಬ·[ತಾ]·ತ ಬಟಾಟೆ ಆಯಿತು, [ಶಾ]·ವಿ ಚಾವಿ ಆಯಿತು, [ಮೇ]·ಝ ಮೇಜು ಆಯಿತು. ನೇರವಾಗಿ ಬಂದಿರಲಿ, ಕೊಂಕಣಿ ಮರಾಠಿಗಳನ್ನು ಹಾದು ಬಂದಿರಲಿ, ಒತ್ತಿದ್ದ ಜಾಗದಲ್ಲಿ ದೀರ್ಘ ಕೂತಿದೆ. ಅನಾನಸ್ ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ, ಮೂಲದಲ್ಲಿ ಒತ್ತು ಕೊನೆಯ ತುಂಡಿಗೆ.

ನಮ್ಮ ತಪ್ಪು ಹೆಚ್ಚಾಗಿ ಆಗುವುದು ಒತ್ತಿಲ್ಲದ ತುಂಡುಗಳಲ್ಲಿ. ಕನ್ನಡದಲ್ಲಿ ಪ್ರತಿ ಸ್ವರಕ್ಕೂ ಪೂರ್ತಿ ಬೆಲೆ. ಅಲ್ಲಿ ಒತ್ತಿಲ್ಲದ್ದು ಕುಗ್ಗುತ್ತದೆ, ಲಿಸ್ಬನ್ನಿನಲ್ಲಂತೂ ಒತ್ತಿಲ್ಲದ ಇ ಬಹುತೇಕ ಮಾಯ. ಫ·[ಲಾ]·ಸಿ·ಮುಸ್ ಅಲ್ಲಿ 'ಫಲಾಸ್ಮುಶ್' ಎಂದು ಮೂರೇ ತುಂಡಾಗಿ ಕೇಳಿಸುತ್ತದೆ. ಹಾಗಾಗಿ ವಿಭಜನೆಯನ್ನು ಬರಹದಿಂದ ಮಾಡಿ, ಕಿವಿಯಿಂದ ಬೇಡ. ಮೂಗುದನಿ ಮಾತ್ರ, ಕೊಂಕಣಿ ಮನೆಮಾತಾಗಿದ್ದರೆ, ನಿಮಗೆ ಆಗಲೇ ಸಿದ್ಧವಿದೆ.

ಅಭ್ಯಾಸಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು. ಉದ್ದದ ಪದವನ್ನು ಬಾಲದಿಂದ ಕಟ್ಟಿ: ಮುಸ್, ವಮುಸ್, ಲಾವಮುಸ್, ಫಲಾವಮುಸ್. ಮುಂದಿನಿಂದ ಶುರುಮಾಡಿದರೆ ನಾಲಗೆ ಕನ್ನಡದ ರೂಢಿಯಂತೆ ಮೊದಲ ತುಂಡಿನ ಮೇಲೆ ಭಾರ ಹಾಕುತ್ತದೆ. ಒತ್ತಿನ ತುಂಡಿಗೆ ಮಾತ್ರ ಮೇಜಿನ ಮೇಲೆ ಒಮ್ಮೆ ತಟ್ಟಿ, ಪ್ರತಿ ತುಂಡಿಗೂ ತಟ್ಟಿದರೆ ಅಭ್ಯಾಸ ಕೆಡುತ್ತದೆ. ಆಮೇಲೆ ಫ·[ಲಾ]·ರಂವ್, ಫ·ಲ·[ರಂವ್] ಎರಡನ್ನೂ ಕಲಸಿ ಹತ್ತು ಸಲ ಫೋನಿನಲ್ಲಿ ರೆಕಾರ್ಡ್ ಮಾಡಿ, ಯಾವುದು ಎಷ್ಟನೆಯದು ಎಂದು ಬರೆದಿಡಿ. ಮಾರನೆಯ ದಿನ ಚೀಟಿ ನೋಡದೆ ಕೇಳಿ, ಭೂತವೋ ಭವಿಷ್ಯತ್ತೋ ಬರೆಯಿರಿ. ಎಂಟಕ್ಕಿಂತ ಕಡಿಮೆ ತಾಳೆಯಾದರೆ ನಿಮ್ಮ ಒತ್ತು ಇನ್ನೂ ಸಾಲದು. ಆಗ ದನಿ ಏರಿಸಬೇಡಿ, ಉಳಿದ ಎರಡು ತುಂಡುಗಳನ್ನು ಇಳಿಸಿ.

ಪ್ರಶ್ನೆ: ಪುಟ ಜೋಡಿಸುವ ಕೆಲಸ ನನ್ನದು. ಸಾಲಿನ ಕೊನೆಯಲ್ಲಿ ಇಂಥ ಪದ ಒಡೆಯಬೇಕಾದರೆ ಹೇಗೆ? — ಹುಬ್ಬಳ್ಳಿಯ ಓದುಗರು

ಉತ್ತರ: ಉಚ್ಚಾರಾಂಶದ ಗಡಿಯಲ್ಲಿ ಒಡೆಯಿರಿ, ಒಂಟಿ ಸ್ವರವನ್ನು ಸಾಲಿನ ತುದಿಯಲ್ಲಿ ಬಿಡಬೇಡಿ. ಒಡೆಯುವ ಜಾಗದಲ್ಲಿ ಪದದ ಸ್ವಂತ ಅಡ್ಡಗೆರೆ ಇದ್ದರೆ ಅದನ್ನು ಎರಡು ಸಲ ಹಾಕಬೇಕು, ಸಾಲಿನ ಕೊನೆಗೊಂದು, ಮುಂದಿನ ಸಾಲಿನ ಮೊದಲಿಗೊಂದು. 1990ರ ಒಪ್ಪಂದದಲ್ಲೇ ಈ ಸೂಚನೆ ಇದೆ. 'ಮಾತಾಡಿದ್ದರೆ' ಎಂಬ ಪದ ಎರಡು ಎಸ್ ನಡುವೆ ಒಡೆಯುತ್ತದೆ, ಮೊದಲ ಸಾಲಿನಲ್ಲಿ ಒಂದು ಎಸ್ ಮತ್ತು ಗೆರೆ, ಮುಂದಿನ ಸಾಲು ಎಸ್‌ನಿಂದಲೇ ಶುರು. 'ಮಾತಾಡುತ್ತಾರೆ' ಎಂಬ [ಫಾ]·ಲ-ಸಿ ಒಡೆದರೆ ಮುಂದಿನ ಸಾಲು ಅಡ್ಡಗೆರೆಯಿಂದ ಶುರುವಾಗುತ್ತದೆ. ನಿಮ್ಮ ತಂತ್ರಾಂಶ ಆ ಎರಡನೆಯ ಗೆರೆಯನ್ನು ತಾನಾಗಿ ಹಾಕುತ್ತದೆ ಎಂದು ನಂಬಬೇಡಿ, ಪ್ರೂಫ್ ತಿದ್ದುವಾಗ ಸಾಲಿನ ಬಲತುದಿಯನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ.